ಕೆಳಗಿನ ತುದಿ

ಫೋನು ಹೊಡೆದುಕೊಂಡಾಗ ಅವನು ನಡುಮನೆಯ ನೆಲದ ಮೇಲೆ ಅಂಗಾತ ಬಿದ್ದುಕೊಂಡು, ಎರಡೂ ಕಾಲುಗಳನ್ನು ಕುರ್ಚಿಯ ಮೇಲೆ ಹಾಕಿಕೊಂಡಿದ್ದ. ಹಾಗೆ ಮಲಗಿದರೆ ಬೆನ್ನಿಗೆ ಚೂರು ಹಾಯೆನಿಸುತ್ತದೆ ಎಂದು ಯಾರೋ ಹೇಳಿದ್ದರು. ಬೆನ್ನು ನೋವು ಅಂದರೆ ಸಾಕು, ದಾರಿಯಲ್ಲಿ ಹೋಗುವವರಿಗೆಲ್ಲ ವೈದ್ಯ ಬಂದುಬಿಡುತ್ತದೆ. ಹಲಗೆಯ ಮೇಲೆ ಮಲಗು ಅಂದವರಿದ್ದರು, ಹಲಗೆ ತೆಗೆದು ಬಿಸಾಕು ಅಂದವರೂ ಇದ್ದರು. ನಡೆ ಅಂದರು, ನಡೆಯಲೇಬೇಡ ಅಂದರು. ಬಿಸಿನೀರು, ತಣ್ಣೀರು, ಎಣ್ಣೆ, ಮುಲಾಮು, ಹೊಟ್ಟೆಗೆ ಬಿಗಿಯುವ ಅಗಲವಾದ ಬೆಲ್ಟು, ಎಲ್ಲ ಮುಗಿದು ಈಗ ಕುರ್ಚಿಯ ಸರದಿ ಬಂದಿತ್ತು.

ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಫೋನು ನೋಡಿದಳು. "ನಿಮ್ಮಕ್ಕ," ಎಂದಳು.

"ಮಲಗಿದಾರೆ ಅನ್ನು."

"ಮಲಗೇ ಇದೀರಲ್ಲ, ಅದೇನೂ ಸುಳ್ಳಲ್ಲ. ಆದ್ರೆ ನಾನಂತೂ ಹೇಳಲ್ಲ. ಹೋದ ಸಲ ಹೇಳ್ದೆ, ಅದರ ಹಿಂದಿನ ಸಲಾನೂ ನಾನೇ ಹೇಳ್ದೆ. ನಿಮ್ಮಕ್ಕ, ನೀವೇ ಮಾತಾಡಿ." ಫೋನನ್ನು ಅವನ ಕಿವಿಯ ಪಕ್ಕ ನೆಲದ ಮೇಲಿಟ್ಟು, ಸದ್ದು ಜೋರು ಮಾಡಿ, ಅಲ್ಲೇ ಕಾವಲಿಗೆ ನಿಂತವಳಂತೆ ನಿಂತುಕೊಂಡಳು.

"ಭಾನುವಾರ ಮನೆ ಖಾಲಿ ಮಾಡ್ತಿದೀನಿ ಕಣೋ," ಎಂದಿತು ಅಕ್ಕನ ದನಿ. ಹೇಗಿದ್ದೀಯ, ಏನು ಎತ್ತ, ಒಂದೂ ಇಲ್ಲ. "ಮಗಳ ಊರಿಗೆ ಹೋಗ್ತೀನಿ. ಇನ್ಮೇಲೆ ಅಲ್ಲೇ. ನಿಮ್ಮ ಕಂಪನಿ ಯಜಮಾನ್ರ ಹತ್ರಾನೇ ವ್ಯಾನಿಗೆ ಹೇಳಿದೀನಿ. ನೀನೂ ಬರ್ಬೇಕು."

"ಅಕ್ಕಾ, ನನ್ನ ಬೆನ್ನು..."

"ಬೆನ್ನು ಮನೇಲಿಟ್ಟು ಬಾ ಅಂದ್ನೇನೋ ನಾನು? ಅದನ್ನೂ ಕರ್ಕೊಂಡೇ ಬಾ." ಆಮೇಲೆ ದನಿ ಇಳಿಯಿತು. "ನೋಡು. ನಿಮ್ಮ ಭಾವ ಹೋದ ಮೇಲೆ ನೀನು ಒಂದಿನ ಬಂದು ನನ್ನ ಪಕ್ಕ ಕೂತಿಲ್ಲ. ಆಗ್ಲಿ, ನಾನು ಕೇಳ್ಲಿಲ್ಲ. ಆದ್ರೆ ಈ ಭಾನುವಾರಾನೂ ಬರ್ಲಿಲ್ಲ ಅಂದ್ರೆ, ನನಗೆ ತಮ್ಮ ಇಲ್ಲ ಅಂದ್ಕೊಂಡು ಊರು ಬಿಡ್ತೀನಿ. ಅಷ್ಟೇ ನಾನು ಹೇಳೋದು."

ಅವನು ಉತ್ತರ ಕೊಡುವಷ್ಟರಲ್ಲಿ ಫೋನು ನಿಂತಿತ್ತು. ಏಳಲು ಹೋದ. ಸೊಂಟದ ಮೇಲೆ ಎಡಗಡೆ, ಯಾವಾಗಲೂ ಹಿಡಿಯುವ ಜಾಗದಲ್ಲೇ, ಕಬ್ಬಿಣದ ಕೊಕ್ಕೆ ಹಾಕಿ ಎಳೆದಂತಾಗಿ ಮತ್ತೆ ನೆಲಕ್ಕೇ ಒರಗಿದ.

"ನೋಡಿದ್ರಾ?" ಎಂದಳು ಹೆಂಡತಿ. "ಈಗ ತಾನೇ ಚೆನ್ನಾಗಿದೆ ಅಂದ್ರಿ. ಅಕ್ಕನ ದನಿ ಕೇಳಿದ್ದೇ ತಡ."

"ಹಾಗಂದ್ರೆ ಏನರ್ಥ?"

"ನನಗೇನು ಗೊತ್ತು? ನಾನೇನು ಡಾಕ್ಟ್ರಾ?" ಎಂದು ಒಳಗೆ ಹೋದಳು.

ಮನೆ ಸಾಮಾನು ಸಾಗಿಸುವ ಕೆಲಸ ಅವನದು. ಅವನದು ಮತ್ತು ಅಕ್ಕನ ಗಂಡನದು. ಇಬ್ಬರೂ ಒಂದೇ ಕಂಪನಿಯಲ್ಲಿ, ಒಂದೇ ವ್ಯಾನಿನಲ್ಲಿ, ತಲೆಗೂದಲು ಕಪ್ಪಿದ್ದಾಗಿನಿಂದ ಬೆಳ್ಳಗಾಗುವ ತನಕ ಜೋಡಿಯಾಗಿ ದುಡಿದವರು. ಭಾವ ನರಪೇತಲ, ಆದರೆ ಬಾಯಿ ಮಾತ್ರ ಇಡೀ ಬೀದಿಗೆ ಕೇಳುವಂಥದ್ದು. ಇವನು ಬಾಗಿಲಿನಷ್ಟು ಎತ್ತರ, ಬಾಗಿಲಿನಷ್ಟೇ ಅಗಲ, ಮಾತು ಕೂಡ ಬಾಗಿಲಿನಷ್ಟೇ. ಕೆಲಸದವರೆಲ್ಲ ಅವರಿಬ್ಬರನ್ನು ಕರೆಯುತ್ತಿದ್ದದ್ದು 'ಬಾಯಿ ಮತ್ತು ಬೆನ್ನು' ಎಂದು. ಲಿಫ್ಟ್ ಇಲ್ಲದ ಮನೆಯಿಂದ ಭಾರೀ ಸಾಮಾನು ಇಳಿಸಬೇಕಾದರೆ ಯಜಮಾನ ಬೇರೆ ಯಾರನ್ನೂ ಕೇಳುತ್ತಿರಲಿಲ್ಲ. "ಬಾಯೀನೂ ಬೆನ್ನನ್ನೂ ಕಳಿಸಿ," ಎನ್ನುತ್ತಿದ್ದ.

ಅದಕ್ಕೆ ಕಾರಣವಿತ್ತು. ಮೆಟ್ಟಿಲಿನಲ್ಲಿ ಇಳಿಸುವಾಗ ಒಬ್ಬ ಮೇಲಿನ ತುದಿ ಹಿಡಿಯುತ್ತಾನೆ, ಇನ್ನೊಬ್ಬ ಕೆಳಗಿನದು. ಭಾರವೆಲ್ಲ ಬೀಳುವುದು ಕೆಳಗಿನವನ ಮೇಲೆ. ಸಾಲದ್ದಕ್ಕೆ ಅವನು ಹಿಂದುಹಿಂದಕ್ಕೆ ಇಳಿಯಬೇಕು. ಕಣ್ಣೆದುರಿಗೆ ಹಲಗೆ ಬಿಟ್ಟು ಬೇರೇನೂ ಕಾಣದು. ಮೆಟ್ಟಿಲು ಎಲ್ಲಿದೆ, ಗೋಡೆ ಎಲ್ಲಿದೆ ಎನ್ನುವುದನ್ನು ಮೇಲಿನವನು ಕೂಗಿ ಹೇಳಬೇಕು, ಇವನು ನಂಬಿ ಕಾಲಿಡಬೇಕು. ಭಾವನ ಬಾಯಿ ನಂಬಿ ಅವನು ಇಟ್ಟ ಹೆಜ್ಜೆ ಒಂದು ದಿನವೂ ತಪ್ಪಿರಲಿಲ್ಲ.

ಈ ಕೆಲಸದಲ್ಲಿ ಇನ್ನೊಂದು ಕಟ್ಟುಪಾಡಿದೆ. ಕೈಯಲ್ಲಿ ಭಾರವಿದ್ದಾಗ ಸುದ್ದಿ ಹೇಳಬಾರದು. ಒಳ್ಳೆಯದಿರಲಿ, ಕೆಟ್ಟದ್ದಿರಲಿ, ಸಾಮಾನು ನೆಲ ಮುಟ್ಟಿದ ಮೇಲೆಯೇ ಬಾಯಿ ಬಿಡಬೇಕು. ಹೊಸದಾಗಿ ಸೇರಿದವರಿಗೆ ಹಗ್ಗದ ಗಂಟು ಕಲಿಸುವುದಕ್ಕೂ ಮೊದಲು ಇದನ್ನು ಕಲಿಸುತ್ತಾರೆ.

ಬೆನ್ನು ಹಿಡಿದ ಆ ದಿನ ಭಾವ ಮೈ ಸರಿಯಿಲ್ಲವೆಂದು ಮನೆಯಲ್ಲೇ ಉಳಿದಿದ್ದ. ಅವನ ಬದಲಿಗೆ ಬಂದಿದ್ದು ಗುಂಗುರುಗೂದಲಿನ ಒಬ್ಬ ಕೂಲಿಯಾಳು. ಮೂರನೇ ಮಹಡಿಯಿಂದ ದೊಡ್ಡ ಫ್ರಿಜ್ಜು ಇಳಿಸುತ್ತಿದ್ದರು. ಅರ್ಧ ದಾರಿಯಲ್ಲಿ ಕಿವಿಗೆ ಸಿಕ್ಕಿಸಿಕೊಂಡಿದ್ದ ಫೋನಿನಲ್ಲಿ ಯಾರೋ ಏನೋ ಹೇಳಿದರು, ಗುಂಗುರುಗೂದಲಿನವನು ಬಾಯಿ ತಡೆಯದೆ, "ಅಯ್ಯಯ್ಯೋ ಅಣ್ಣಾ, ನಿಮ್ಮ ಭಾವ ಹೋಗ್ಬಿಟ್ರಂತೆ!" ಎಂದುಬಿಟ್ಟ. ಭಾವ ಮನೆಯಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡು, ನೀರು ಕೇಳಿ, ನೀರು ತರುವಷ್ಟರಲ್ಲಿ ಹೋಗಿಬಿಟ್ಟಿದ್ದ.

ಇವನ ಎದೆಗೆ ಫ್ರಿಜ್ಜು ಒರಗಿತ್ತು. ಇಳಿಸಲು ಜಾಗವಿಲ್ಲ, ಬಿಟ್ಟರೆ ಇಬ್ಬರೂ ಉಳಿಯುವುದಿಲ್ಲ. ಅಳು ಬಂತೋ ಇಲ್ಲವೋ ಅವನಿಗೇ ತಿಳಿಯಲಿಲ್ಲ. ಹಲ್ಲು ಕಚ್ಚಿದ. "ಮುಂದಿನ ಮೆಟ್ಟಿಲು ಹೇಳು," ಎಂದನಷ್ಟೆ. ಒಂದೊಂದೇ ಮೆಟ್ಟಿಲು ಇಳಿದು, ಬೀದಿಗೆ ತಂದು, ವ್ಯಾನಿಗೆ ಏರಿಸಿ, ಗೀರು ಬೀಳದ ಹಾಗೆ ಕಂಬಳಿ ಹೊದಿಸಿ, ಹಗ್ಗ ಬಿಗಿದು ಕಟ್ಟಿ, ಗಂಟನ್ನು ಎಳೆದೂ ನೋಡಿದ. ಆಮೇಲೆ ಬೀದಿಯಂಚಿನಲ್ಲಿ ಕುಕ್ಕರಿಸಿದ. ಏಳಲು ಹೋದಾಗ ಬೆನ್ನು ಹಿಡಿದುಕೊಂಡಿತ್ತು.

ಹಿಡಿದದ್ದು ಬಿಡಲೇ ಇಲ್ಲ. ಮಾರನೆಯ ದಿನ ಭಾವನನ್ನು ಮನೆಯಿಂದ ಹೊರಗೆ ತರುವಾಗ ಎಲ್ಲರೂ ಇವನ ಮುಖ ನೋಡಿದರು. ಕಂಡವರ ಮನೆ ಬೀರು, ಮಂಚ, ತಿಜೋರಿಯನ್ನೆಲ್ಲ ಹೊತ್ತವನು, ಮುಂದಿನ ಹೆಗಲು ಇವನದ್ದೇ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಇವನು ಗೋಡೆ ಹಿಡಿದು ನಿಂತಿದ್ದ. ಬೆವರು ಸುರಿಯುತ್ತಿತ್ತು. ಒಂದು ಹೆಜ್ಜೆ ಮುಂದಿಟ್ಟು, ನರಳಿ, ಮತ್ತೆ ಗೋಡೆಗೇ ಅಂಟಿಕೊಂಡ. ನರಪೇತಲ ಭಾವನನ್ನು ಬೇರೆ ಯಾರೋ ಹೊತ್ತುಕೊಂಡು ಹೋದರು. ಅಕ್ಕ ಅವನ ಕಡೆ ಒಂದು ಸಲ ತಿರುಗಿ ನೋಡಿದಳು. ಆ ನೋಟ ನೆನೆದರೆ ಇವತ್ತಿಗೂ ಅವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು. ಅಕ್ಕನ ಮನೆಗೆ ಹೊರಟಾಗಲೆಲ್ಲ ಬೆನ್ನು ಹಿಡಿಯುತ್ತಿತ್ತು; ಒಮ್ಮೆ ಬಸ್ ನಿಲ್ದಾಣದವರೆಗೆ ಹೋಗಿ ಹಿಂದಿರುಗಿದ್ದ.

ಯಜಮಾನ ಒಳ್ಳೆಯವನು, ಕೆಲಸ ಬಿಡಿಸಲಿಲ್ಲ. ಗೋದಾಮಿನಲ್ಲಿ ಸ್ಟೂಲು ಹಾಕಿ ಕೂರಿಸಿ, ಲೋಟ ಬಟ್ಟಲುಗಳಿಗೆ ಹಳೇ ಪೇಪರು ಸುತ್ತಲು ಹಚ್ಚಿದ. ಬಾಗಿಲಿನಷ್ಟು ಎತ್ತರದ ಮನುಷ್ಯ ಟೀ ಕಪ್ಪಿಗೆ ಪೇಪರು ಸುತ್ತುತ್ತ ಕೂತರೆ ನೋಡಿದವರು ಮುಖ ತಿರುಗಿಸುತ್ತಿದ್ದರು.

ಕಡೆಗೆ ಹೆಂಡತಿ ದೊಡ್ಡ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು. ವಯಸ್ಸಾದ ಹೆಂಗಸು, ಮಾತು ನಿಧಾನ. ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, "ಮೂಳೆ, ಡಿಸ್ಕು ಎಲ್ಲ ನಿಮ್ಮ ವಯಸ್ಸಿಗೆ ಹೇಗಿರ್ಬೇಕೋ ಹಾಗಿದೆ. ಅವತ್ತು ಏನಾದ್ರೂ ಉಳುಕಿದ್ರೂ ಅದು ಯಾವತ್ತೋ ಮಾಗಿದೆ," ಎಂದಿದ್ದಳು.

"ಹಾಗಾದ್ರೆ ನಾನು ನಾಟಕ ಆಡ್ತಿದೀನಾ?"

"ಹಾಗಂದ್ನಾ? ನೋವಿದೆ. ನಿಜವಾಗ್ಲೂ ಇದೆ. ನಾಚಿಕೆ ಆದ್ರೆ ಮುಖ ಕೆಂಪಾಗುತ್ತಲ್ಲ, ಆ ಕೆಂಪು ಸುಳ್ಳಾ? ಹೆದರಿದ್ರೆ ಬಾಯಿ ಒಣಗುತ್ತೆ, ಅದು ಸುಳ್ಳಾ? ಇದೂ ಹಾಗೇ. ಮೈ ಒಂದ್ಸಲ ಬಿಗಿ ಹಿಡೀತು ಅಂದ್ರೆ ಹೆದ್ರಿಕೆ, ದುಃಖ ಎಲ್ಲ ಸೇರ್ಕೊಂಡು ಅದನ್ನ ಬಿಡೋಕೇ ಬಿಡಲ್ಲ. ನಿಮ್ಮ ಬೆನ್ನು ಗಾಜಿನದ್ದಲ್ಲ. ಬಗ್ಗಿ, ಏಳಿ, ಓಡಾಡಿ, ಮುರಿಯಲ್ಲ." ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದ್ದಳು. "ನಿಮ್ಮ ಭಾವ ತೀರಿಕೊಂಡ್ರು ಅಂದ್ರಲ್ಲ. ಅವತ್ತಿನಿಂದ ಒಂದ್ಸಲನಾದ್ರೂ ಅತ್ತಿದೀರಾ?"

ಅವನು ಎದ್ದು ಹೊರಗೆ ಬಂದುಬಿಟ್ಟಿದ್ದ. "ಬೆನ್ನು ತೋರಿಸೋಕೆ ಹೋದ್ರೆ ಅತ್ತಿದೀರಾ ಅಂತಾರೆ! ಹಲ್ಲು ನೋವು ಅಂತ ಹೋದ್ರೆ ನಕ್ಕಿದೀರಾ ಅಂತ ಕೇಳ್ತಾರೇನೋ," ಎಂದು ದಾರಿಯುದ್ದಕ್ಕೂ ಗೊಣಗಿದ. ಹೆಂಡತಿ ನಗಲಿಲ್ಲ. "ಕೇಳಿದ್ದಕ್ಕೆ ಉತ್ತರ ಹೇಳಿ ಬರಬಹುದಿತ್ತು," ಎಂದಳಷ್ಟೆ.

ಭಾನುವಾರ ಬೆಳಿಗ್ಗೆ ಅವನು ಹೊರಟ. ಹೋಗದಿದ್ದರೆ ಅಕ್ಕ ಅಂದದ್ದನ್ನು ಮಾಡುವವಳೇ, ಅವಳ ಹಟ ಅವನಿಗೆ ಗೊತ್ತಿತ್ತು. ಹೆಂಡತಿ ಬೆಲ್ಟು ಬಿಗಿದುಕೊಟ್ಟು, "ಏನೂ ಎತ್ತಬೇಡಿ. ಪಕ್ಕದಲ್ಲಿ ಕೂತು ಬನ್ನಿ, ಸಾಕು," ಎಂದಳು. ಬಸ್ಸಿನಲ್ಲಿ ನಿಂತೇ ಹೋದ. ಅಕ್ಕನ ಮನೆಯ ಮೂರು ಮಹಡಿಯನ್ನು ಕಂಬಿ ಹಿಡಿದು, ತಡೆದು ತಡೆದು ಹತ್ತಿದ.

ಕೆಲಸ ಆಗಲೇ ಮುಕ್ಕಾಲು ಮುಗಿದಿತ್ತು. ಕಂಪನಿಯ ಇಬ್ಬರು ಆಳುಗಳು ಪೆಟ್ಟಿಗೆಗಳನ್ನು ಇಳಿಸುತ್ತಿದ್ದರು. ಅಕ್ಕ ಸೆರಗು ಸಿಕ್ಕಿಸಿಕೊಂಡು, ಕೈಯಲ್ಲಿ ಪೊರಕೆ ಹಿಡಿದು ನಿಂತಿದ್ದಳು. ತುಂಬ ಇಳಿದುಹೋಗಿದ್ದಳು. ಅವನನ್ನು ಮೇಲಿಂದ ಕೆಳಗೆ ನೋಡಿ, "ಬಂದ್ಯಾ," ಎಂದಳು. "ಹ್ಞೂಂ," ಎಂದ. ಅಲ್ಲಿಗೆ ಮಾತು ಮುಗಿಯಿತು. ಕೂರಲು ಕುರ್ಚಿಯೂ ಉಳಿದಿರಲಿಲ್ಲ.

ಮನೆಯಲ್ಲಿ ಉಳಿದಿದ್ದದ್ದು ಮರದ ಬೀರು ಒಂದೇ. ಬಾಗಿಲು, ಒಳಗಿನ ಅಡ್ಡಹಲಗೆ ಎಲ್ಲ ಬಿಚ್ಚಿದ್ದರೂ ಆಳುದ್ದ ಇತ್ತು. ಆಳುಗಳು ಅದನ್ನು ಅತ್ತಿಂದಿತ್ತ ಅಳೆದು ತಲೆ ಕೆರೆದುಕೊಂಡರು. "ಅಣ್ಣಾ, ಇದು ಮೆಟ್ಟಿಲ ತಿರುವಿನಲ್ಲಿ ತಿರುಗಲ್ಲ. ಕಾಲು ಕತ್ತರಿಸ್ಬೇಕು. ಈ ಲೋಡು ರೈಲ್ವೆ ಸ್ಟೇಷನ್ನಿಗೆ ಹಾಕಿ ಬರ್ತಾ ಗರಗಸ ತರ್ತೀವಿ," ಎಂದು ಹೇಳಿ ಹೊರಟರು. ವ್ಯಾನಿನ ಸದ್ದು ಬೀದಿಯ ಕೊನೆಗೆ ಕರಗಿತು.

ಖಾಲಿ ಮನೆಯಲ್ಲಿ ಅಕ್ಕ ತಮ್ಮ ಇಬ್ಬರೇ ಉಳಿದರು. ಅಕ್ಕ ಗುಡಿಸಿದ ಜಾಗವನ್ನೇ ಮತ್ತೆ ಗುಡಿಸತೊಡಗಿದಳು. ಅವನು ಕಿಟಕಿಯ ಹತ್ತಿರ ನಿಂತು ಹೊರಗೆ ನೋಡಿದ. ಏನಾದರೂ ಹೇಳಬೇಕೆಂದು ಬಾಯಿ ತೆರೆಯುವುದು, ಬೆನ್ನು ಚುಳ್ ಎನ್ನುವುದು, ಬಾಯಿ ಮುಚ್ಚುವುದು. ಕೊನೆಗೆ ಹೊರಬಿದ್ದದ್ದು ಕೆಲಸದ ಮಾತೇ.

"ಕತ್ತರಿಸೋದು ಬೇಡ. ಅದು ಇಳಿಯುತ್ತೆ."

"ಏನು?"

"ಬೀರು. ನೀನು ಈ ಮನೆಗೆ ಬಂದಾಗ ಭಾವನೂ ನಾನೂ ಹತ್ತಿಸಿದ್ದು ಅದನ್ನ. ಹತ್ತಿದ್ದು ಇಳೀದೆ ಏನಾಗುತ್ತೆ? ತಿರುವಿನಲ್ಲಿ ನೆಟ್ಟಗೆ ನಿಲ್ಲಿಸಿ, ಒಂದು ಕಾಲಿನ ಮೇಲೆ ತಿರುಗಿಸ್ಬೇಕು. ಗರಗಸವಂತೆ, ಗರಗಸ!" ನಿಜವಾಗಿಯೂ ಸಿಟ್ಟು ಬಂದಿತ್ತು ಅವನಿಗೆ.

ಅಕ್ಕ ಪೊರಕೆಯನ್ನು ಮೂಲೆಗೆ ಎಸೆದಳು. "ಹಾಗಾದ್ರೆ ನಡಿ, ಇಳಿಸೋಣ."

"ಯಾರು, ನೀನಾ? ನಿನ್ನ ಕೈಲಿ ಆಗುತ್ತಾ?"

"ಮೇಲಿನ ತುದಿ ಹಿಡಿಯೋಕೆ ಬಾಯಿ ಇದ್ರೆ ಸಾಕು ಅಂತ ನಿಮ್ಮ ಭಾವಾನೇ ಹೇಳ್ತಿದ್ರು. ಅಂಥ ಬಾಯಿ ಜತೆ ಇಷ್ಟು ವರ್ಷ ಸಂಸಾರ ಮಾಡಿದೀನಿ, ಎರಡು ಮಾತು ಕೂಗೋಕೆ ನನಗೆ ಬರಲ್ವಾ?"

ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಬೀರನ್ನು ಓರೆ ಮಾಡಿ ಕೆಳಗಿನ ತುದಿಗೆ ಕೈ ಹಾಕಿದಾಗ ಬೆನ್ನು ಗದರಿತು. ಅವನು ಹಲ್ಲು ಕಚ್ಚಿ ಎತ್ತಿದ. ಹೊಸ್ತಿಲು ದಾಟಿದ್ದಾಯಿತು. ಮೊದಲನೇ ಮೆಟ್ಟಿಲಿಗೆ ಹಿಂದುಹಿಂದಕ್ಕೆ ಕಾಲಿಟ್ಟ. ಹಲಗೆಯ ಆಚೆ ಅಕ್ಕ ಕಾಣಲಿಲ್ಲ.

"ಮೆಟ್ಟಿಲು," ಎಂದಳು ಅಕ್ಕ. "ಮೆಟ್ಟಿಲು. ಇನ್ನೊಂದು. ನಿಧಾನ ಕಣೋ, ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ. ಮೆಟ್ಟಿಲು. ಈಗ ಎಡಕ್ಕೆ!"

ಅವನು ಎಡಕ್ಕೆ ಸರಿದ. ಮೊಣಕೈ ಗೋಡೆಗೆ ಬಡಿದು ಕಣ್ಣಲ್ಲಿ ನಕ್ಷತ್ರ ಮಿನುಗಿತು.

"ಎಡ ಅಂದ್ರೆ ಯಾರ ಎಡ? ಯಾವಾಗ್ಲೂ ಕೆಳಗಿರೋನ ಎಡ ಹೇಳ್ಬೇಕು!"

"ಅದನ್ನ ಮೊದ್ಲೇ ಹೇಳ್ಬೇಕಪ್ಪ! ಎಲ್ಲಾ ನಿನ್ನೊಳಗೇ ಇಟ್ಕೊಂಡ್ರೆ ಮೇಲಿರೋಳಿಗೆ ಹೇಗೆ ಗೊತ್ತಾಗ್ಬೇಕು?"

ಇಬ್ಬರೂ ಏದುಸಿರು ಬಿಡುತ್ತಿದ್ದರು. ಬಲಕ್ಕೆ ಅಂದಳು, ಅಲ್ಲಲ್ಲ ಎಡಕ್ಕೆ, ನಿನ್ನೆಡಕ್ಕೆ ಅಂದಳು. ತಿರುವಿಗೆ ಬರುವಷ್ಟರಲ್ಲಿ ಬೀರು ಒಮ್ಮೆ ಜಗ್ಗಿ, ಗಕ್ಕನೆ ನಿಂತಿತು. ಮೇಲಿನ ಮೂಲೆ ಗೋಡೆಗೆ ಕಚ್ಚಿಕೊಂಡಿತ್ತು, ಕೆಳಗಿನ ಕಾಲು ಕಂಬಿಗೆ ಆತುಕೊಂಡಿತ್ತು. ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ.

"ಸಿಕ್ಕೊಂಡ್ತು," ಎಂದಳು ಅಕ್ಕ. "ಗಟ್ಟಿಯಾಗಿ ಕೂತಿದೆ, ಬೀಳಲ್ಲ. ನಾನು ಕೈ ತೆಗ್ದೆ. ನೀನೂ ತೆಗಿ, ಸುಧಾರಿಸ್ಕೋ."

ಭಾರ ಹೋಗಿದೆ ಎಂದು ಅವನಿಗೂ ಗೊತ್ತಿತ್ತು. ಅಷ್ಟು ವರ್ಷ ದುಡಿದ ಕೈ, ಗೋಡೆ ಎಷ್ಟು ಭಾರ ಹೊತ್ತಿದೆ, ಕಂಬಿ ಎಷ್ಟು ಹೊತ್ತಿದೆ ಎಂದು ಹಲಗೆ ಮುಟ್ಟಿಯೇ ಹೇಳಬಲ್ಲದು. ತನ್ನ ಪಾಲಿಗೆ ಒಂದು ತೊಲವೂ ಉಳಿದಿರಲಿಲ್ಲ. ಆದರೂ ಬೆರಳುಗಳು ಹಲಗೆಯನ್ನು ಕಚ್ಚಿಕೊಂಡಿದ್ದವು. ಬೆನ್ನು ಉರಿಯುತ್ತಿತ್ತು.

"ತೆಗಿಯೋ, ಅದು ಎಲ್ಲೂ ಹೋಗಲ್ಲ."

"ಆಗ್ತಿಲ್ಲ ಅಕ್ಕಾ."

"ಏನು?"

"ಕೈ ತೆಗಿಯೋಕಾಗ್ತಿಲ್ಲ ಅಕ್ಕಾ," ಎಂದ. ಆ ಮಾತಿನ ಬಾಲ ಹಿಡಿದು ಒಂದು ಸದ್ದು ಹೊರಬಂತು. ಯಾರದೆಂದು ಅವನಿಗೇ ಗಾಬರಿಯಾಗುವಂಥ ಸದ್ದು. ಹಣೆಯನ್ನು ಹಲಗೆಗೆ ಒತ್ತಿ ಅತ್ತ. ಬಾಗಿಲಿನಷ್ಟು ಎತ್ತರದ ಮನುಷ್ಯ ಮೆಟ್ಟಿಲಿನ ತಿರುವಿನಲ್ಲಿ ಬೀರು ತಬ್ಬಿಕೊಂಡು ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಅಕ್ಕ ಸುಮ್ಮನಿರು ಅನ್ನಲಿಲ್ಲ. ಏನಾಯಿತೋ ಅಂತಲೂ ಕೇಳಲಿಲ್ಲ.

"ಸುದ್ದಿ ಬಂದಾಗ ನಾನು ಫ್ರಿಜ್ಜು ಹಿಡ್ಕೊಂಡಿದ್ದೆ," ಎಂದ ಅಳುವಿನ ನಡುವೆಯೇ. "ಓಡಿ ಬರ್ಲಿಲ್ಲ ಅಕ್ಕಾ. ಇಳಿಸ್ದೆ. ಕಂಬಳಿ ಹೊದಿಸ್ದೆ. ಭಾವ ಅಲ್ಲಿ ಹಾಗೆ ಬಿದ್ದಿರ್ಬೇಕಾದ್ರೆ ನಾನಿಲ್ಲಿ ಗಂಟು ಸರಿ ಇದ್ಯಾ ಅಂತ ಎಳೆದು ನೋಡ್ತಿದ್ದೆ."

ಆಚೆಯಿಂದ ಅಕ್ಕನ ದನಿ ಬಂತು, ಮೂಗು ಕಟ್ಟಿದ ದನಿ.

"ನಮ್ಮ ಮಗಳು ಹುಟ್ಟಿದ ದಿನ ನಾನು ಆಸ್ಪತ್ರೇಲಿ ಬಾಗ್ಲು ನೋಡ್ತಾ ಮಲಗಿದ್ದೆ. ಬೆಳಿಗ್ಗೆ ಹೇಳಿ ಕಳಿಸಿದ್ರೆ ಮಹಾರಾಯ ಸಂಜೆ ಬಂದ್ರು. ಯಾಕಿಷ್ಟು ಹೊತ್ತು ಅಂದ್ರೆ, 'ಯಾರದೋ ಪಿಯಾನೋ ಮೆಟ್ಟಿಲ ಮೇಲಿತ್ತು ಕಣೇ' ಅಂದ್ರು. ಬೈದು ಬೈದು ಸುಸ್ತಾದೆ. ನಿಮ್ಮ ಜಾತಕಾನೇ ಅಷ್ಟು ಕಣೋ, ಇಬ್ಬರದ್ದೂ. ನೀನು ಫ್ರಿಜ್ಜು ಅರ್ಧಕ್ಕೇ ಬಿಟ್ಟು ಓಡಿ ಬಂದಿದ್ರೆ, ಹೋದವರೇ ಎದ್ದು ಕೂತು ಬೈತಿದ್ರು ನಿನಗೆ."

ಅವನಿಗೆ ನಗು ಬಂತು. ನಗು ಅಳುವಿಗೆ ಸಿಕ್ಕಿ ಕೆಮ್ಮಾಯಿತು. "ಹೊರಲಿಲ್ಲ ಅಕ್ಕಾ ನಾನು ಅವರನ್ನ," ಎಂದ. "ಎಲ್ಲರೂ ನೋಡ್ತಿದ್ರು. ನೀನೂ ನೋಡಿದೆ."

"ನೋಡಿದೆ. ನೀನು ಹೊರಲಿಲ್ಲ ಅಂತಲ್ಲ ನೋಡಿದ್ದು." ಅಕ್ಕನ ದನಿ ಒಡೆಯಿತು. "ಹೊರೋಕೆ ಬೇಕಾದಷ್ಟು ಜನ ಇದ್ರು. ಜತೇಲಿ ಕೂತು ಅಳೋಕೆ ನನಗೆ ಯಾರೂ ಇರ್ಲಿಲ್ಲ ಕಣೋ. ನೀನು ಬರ್ತೀಯ, ಬರ್ತೀಯ ಅಂತ ಕಾಯ್ದೆ. ನೀನು ಬೆನ್ನು ಅಂದೆ."

ಹಲಗೆಯ ಆ ಕಡೆ ಅಕ್ಕ ಅಳುತ್ತಿದ್ದಳು, ಈ ಕಡೆ ಅವನು. ಕೆಳಗಿನ ಮಹಡಿಯಲ್ಲಿ ಯಾರೋ ಬಾಗಿಲು ತೆರೆದು, ಮೇಲೆ ಇಣುಕಿ, ಮೆಲ್ಲಗೆ ಮುಚ್ಚಿಕೊಂಡರು.

ಎಷ್ಟೋ ಹೊತ್ತಿನ ಮೇಲೆ ನೋಡಿಕೊಂಡರೆ ಕೈಗಳು ಹಲಗೆಯನ್ನು ಬಿಟ್ಟಿದ್ದವು. ಯಾವಾಗ ಬಿಟ್ಟವೋ ತಿಳಿಯದು. ಅಂಗೈಯಲ್ಲಿ ಹಲಗೆಯ ಅಂಚು ಕೆಂಪಗೆ ಮೂಡಿತ್ತು. ಮುಖ ಒರೆಸಿಕೊಂಡು ತಿರುಗಿ, ಮೆಟ್ಟಿಲ ಮೇಲೆ ಕೂತ. ನೋವು ಹೋಗಿರಲಿಲ್ಲ, ಇತ್ತು. ಬೆಲ್ಟು ಉಸಿರು ಕಟ್ಟಿಸುತ್ತಿತ್ತು. ಅದನ್ನು ಬಿಚ್ಚಿ ಪಕ್ಕಕ್ಕಿಟ್ಟ. ಹೆದರುತ್ತ ಹೆದರುತ್ತ, ಮೊದಲು ಒಂದು ಭುಜ, ಆಮೇಲೆ ಇನ್ನೊಂದು, ಬೆನ್ನನ್ನು ಬೀರಿಗೆ ಒರಗಿಸಿದ.

ಬೀರು ಸಣ್ಣಗೆ ಕಿರುಗುಟ್ಟಿತು. ಅದು ಅವನ ಭಾರಕ್ಕಲ್ಲ. ಆ ಕಡೆ ಅಕ್ಕನೂ ಕೂತು ಒರಗಿದ್ದಳು. ಬೀದಿಯಲ್ಲಿ ವ್ಯಾನು ಬಂದು ನಿಂತ ಸದ್ದಾಯಿತು, ಆಳುಗಳ ಮಾತು ಮೆಟ್ಟಿಲು ಹತ್ತತೊಡಗಿತು. ಇಬ್ಬರೂ ಏಳಲಿಲ್ಲ.